ರಾಗಿ ಮುದ್ದೆ, ಸಾವಕ್ಕಿ ಮತ್ತು ವಾಟ್ಸಾಪ್: ದುರ್ಗದ ಊಟದ ಬಗ್ಗೆ ಹರಿದಾಡುವ ಮಾತುಗಳಲ್ಲಿ ಎಷ್ಟು ನಿಜ?

ಈ ಸಂದೇಶ ನಿಮ್ಮ ಮೊಬೈಲಿಗೂ ಬಂದಿರಬಹುದು. ಪದಗಳು ಬೇರೆ ಬೇರೆ ಇದ್ದರೂ ಸಾರ ಒಂದೇ: ‘ನಮ್ಮ ಹಿರಿಯರು ದಡ್ಡರಲ್ಲ. ದಿನವೂ ರಾಗಿ ಮುದ್ದೆ ತಿನ್ನಿ, ಶುಗರ್ ಮಾಯವಾಗುತ್ತದೆ. ಹಾಲಿಗಿಂತ ಮೂರು ಪಟ್ಟು ಕ್ಯಾಲ್ಸಿಯಂ. ಸಾವಿರಾರು ವರ್ಷಗಳಿಂದ ನಮ್ಮ ಮಣ್ಣಲ್ಲೇ ಹುಟ್ಟಿ ಬೆಳೆದ ಧಾನ್ಯ. ಡಾಕ್ಟರು ಇದನ್ನು ಹೇಳುವುದಿಲ್ಲ. ಹತ್ತು ಜನರಿಗೆ ಕಳಿಸಿ.’

ನಮ್ಮ ಬಳಗದ ಒಬ್ಬರ ಅಜ್ಜಿ ಹೊಸದುರ್ಗದ ಕಡೆಯವರು. ಇಂಥದ್ದೇ ಒಂದು ಸಂದೇಶವನ್ನು ಮೊಮ್ಮಗ ಓದಿ ಹೇಳಿದ ಮೇಲೆ ಅವರು ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಿದರು. ಮೂರು ಹೊತ್ತೂ ಮುದ್ದೆ ಉಂಡರು. ಕೆಲವೇ ವಾರಗಳಲ್ಲಿ ಸುಸ್ತು, ಕಣ್ಣು ಮಂಜು, ರಾತ್ರಿಯಿಡೀ ಬಚ್ಚಲಿಗೆ ಓಡಾಟ. ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಮೊದಲಿಗಿಂತ ಹೆಚ್ಚಾಗಿತ್ತು. ಈಗ ಮಾತ್ರೆಯೂ ಇದೆ, ಮುದ್ದೆಯೂ ಇದೆ. ‘ಮುದ್ದೆದು ಏನೂ ತಪ್ಪಿಲ್ಲ ಕಣವ್ವ, ಮಾತ್ರೆ ಬಿಟ್ಟೋಳು ನಾನು’ ಅಂತ ಅವರೇ ಹೇಳುತ್ತಾರೆ.

ಈ ಬರಹ ಹುಟ್ಟಿದ್ದು ಆ ಮಾತಿನಿಂದ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಊಟ ನಿಜಕ್ಕೂ ಒಳ್ಳೆಯ ಊಟ. ಆದರೆ ಅದು ಏಕೆ ಒಳ್ಳೆಯದು ಎಂಬುದಕ್ಕೆ ಫಾರ್ವರ್ಡ್‌ಗಳು ಕೊಡುವ ಕಾರಣ ಬಹುಪಾಲು ತಪ್ಪು.

ಚಿಕ್ಕದಾಗಿ ಹೇಳುವುದಾದರೆ

ರಾಗಿ, ಸಾವೆ, ನವಣೆ ಔಷಧಿಗಳಲ್ಲ, ಆಹಾರ. ಅವುಗಳ ಬಲ ಇರುವುದು ಒಂದು ಕಾಳಿನಲ್ಲಲ್ಲ, ಇಡೀ ತಟ್ಟೆಯಲ್ಲಿ: ಮುದ್ದೆ, ಅದರ ಜೊತೆಗಿನ ಕಾಳು, ಸೊಪ್ಪು, ಮಜ್ಜಿಗೆ. ಆ ತಟ್ಟೆ ಮನೆಯಲ್ಲಿ ಯಾರಿಗೆ ಎಷ್ಟು ಸಿಗುತ್ತದೆ ಎಂಬುದೂ ಅಷ್ಟೇ ಮುಖ್ಯ.

ದುರ್ಗದ ಸೀಮೆಯ ತಟ್ಟೆಯಲ್ಲಿ ಏನಿದೆ?

ಇದು ಮಳೆ ಕಡಿಮೆ ಬೀಳುವ ನಾಡು. ಹಿರಿಯೂರಿನ ಬಳಿ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ 1907ರ ಹೊತ್ತಿಗೆ ಮುಗಿಯಿತು. ಅದು 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬೀಳಲು 2022ರವರೆಗೆ, ಅಂದರೆ 89 ವರ್ಷ, ಕಾಯಬೇಕಾಯಿತು. ಈ ಒಂದು ಲೆಕ್ಕ ಸಾಕು, ಇಲ್ಲಿನ ಅಡುಗೆಮನೆ ಅರ್ಥವಾಗುತ್ತದೆ. ನಾಲೆಯ ನೀರು ಸಿಕ್ಕ ಕಡೆ ತೆಂಗು, ಅಡಿಕೆ. ಸಿಗದ ಕಡೆ ರಾಗಿ, ಜೋಳ, ಶೇಂಗಾ, ಹುರುಳಿ. ಹೊಸದುರ್ಗ ತಾಲ್ಲೂಕು ಸಾವೆಗೆ ಹೆಸರುವಾಸಿ. ಬೇರೆ ಕಡೆ ಸಾಮೆ ಎನ್ನುವುದನ್ನೇ ಇಲ್ಲಿ ಸಾವೆ ಎನ್ನುತ್ತಾರೆ.

ದಕ್ಷಿಣದ ಮುದ್ದೆ, ಉತ್ತರದ ರೊಟ್ಟಿ ಎರಡೂ ಸಂಧಿಸುವ ಜಾಗವೂ ಇದೇ. ಒಂದೇ ಮನೆಯಲ್ಲಿ ಮಧ್ಯಾಹ್ನ ರಾಗಿ ಮುದ್ದೆ, ರಾತ್ರಿ ಜೋಳದ ರೊಟ್ಟಿ ಇದ್ದರೆ ಯಾರಿಗೂ ಆಶ್ಚರ್ಯವಿಲ್ಲ. ಜೊತೆಗೆ ಬಸ್ಸಾರು, ಹುರುಳಿ ಸಾರು, ಅವರೆಕಾಳು ಸಾರು, ಬೆರಕೆ ಸೊಪ್ಪಿನ ಸಾರು. ನೆಂಚಿಕೊಳ್ಳಲು ಶೇಂಗಾ ಚಟ್ನಿ, ಹುಚ್ಚೆಳ್ಳು ಪುಡಿ, ಈರುಳ್ಳಿ, ಹಸಿಮೆಣಸಿನಕಾಯಿ. ಬೆಳಗಿನ ಹೊತ್ತು ರಾಗಿ ಅಂಬಲಿ. ಹಬ್ಬಕ್ಕೆ ಹೋಳಿಗೆ, ಪಾಯಸ, ಅನ್ನ.

ಹೊಲವೂ ಹಾಗೇ ಇತ್ತು. ರಾಗಿಯ ನಡುವೆ ಅಕ್ಕಡಿ ಸಾಲು ಎಳೆದು ಅವರೆ, ತೊಗರಿ, ಹುಚ್ಚೆಳ್ಳು ಬಿತ್ತುತ್ತಿದ್ದರು. ಹೊಲದ ಸಾಲುಗಳೇ ತಟ್ಟೆಗೆ ಬರುತ್ತಿದ್ದವು ಎಂದರೂ ತಪ್ಪಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೇಳಿಕೆ 1: ರಾಗಿ ನಮ್ಮ ಮಣ್ಣಿನಲ್ಲೇ ಹುಟ್ಟಿದ ಧಾನ್ಯ

ತಪ್ಪು. ರಾಗಿಯ ಕಾಡು ಮೂಲ ಇರುವುದು ಆಫ್ರಿಕಾದಲ್ಲಿ. ಇಥಿಯೋಪಿಯಾದಿಂದ ಉಗಾಂಡದವರೆಗಿನ ಎತ್ತರದ ನೆಲದಲ್ಲಿ ಜನ ಅದನ್ನು ಸಾವಿರಾರು ವರ್ಷಗಳ ಹಿಂದೆ ಬೇಸಾಯಕ್ಕೆ ತಂದರು. ಅಲ್ಲಿಂದ ಅದು ಸಮುದ್ರ ದಾಟಿ ನಮ್ಮಲ್ಲಿಗೆ ಬಂತು. ಜೋಳ ಮತ್ತು ಸಜ್ಜೆಯೂ ಆಫ್ರಿಕಾದವೇ. ನವಣೆಯನ್ನು ಮೊದಲು ಬೇಸಾಯಕ್ಕೆ ತಂದದ್ದು ಚೀನಾದ ಉತ್ತರ ಭಾಗದಲ್ಲಿ. ಮೆಣಸಿನಕಾಯಿ, ಶೇಂಗಾ, ಟೊಮ್ಯಾಟೊ ಅಮೆರಿಕ ಖಂಡಗಳಿಂದ ಬಂದವು, ಅದೂ ಕಳೆದ ಐದು ಶತಮಾನಗಳಲ್ಲಿ.

ಹಾಗಾದರೆ ನಮ್ಮದು ಎನ್ನುವಂಥದ್ದು ಏನೂ ಇಲ್ಲವೇ? ಇದೆ. ಸಾವೆ, ಹಾರಕ, ಕೊರಲೆ, ಹುರುಳಿ ಈ ಉಪಖಂಡದವೇ. ದಕ್ಷಿಣ ಭಾರತದ ನವಶಿಲಾಯುಗದ ಹಳ್ಳಿಗಳ ಬೂದಿಯಲ್ಲಿ ಸಿಕ್ಕ ಸುಟ್ಟ ಕಾಳುಗಳನ್ನು ಪರೀಕ್ಷಿಸಿದವರು, ಸುಮಾರು 4000 ವರ್ಷಗಳ ಹಿಂದೆ ಇಲ್ಲಿನ ಜನರ ಮುಖ್ಯ ಬೆಳೆಗಳಲ್ಲಿ ಕೊರಲೆ, ಹುರುಳಿ, ಹೆಸರು ಇದ್ದವು ಎಂದು ಗುರುತಿಸಿದ್ದಾರೆ. ನಿಮ್ಮ ಮನೆಯ ಹುರುಳಿ ಸಾರು ಪಕ್ಕದಲ್ಲಿರುವ ಮುದ್ದೆಗಿಂತ ಈ ನೆಲದಲ್ಲಿ ಹಳಬ.

ರಾಗಿ ಹೊರಗಿನಿಂದ ಬಂದದ್ದು ಎಂದರೆ ಬೇಸರ ಪಡಬೇಕಾಗಿಲ್ಲ. ನೆಂಟಸ್ತನ ಎಷ್ಟು ದೂರದವರೆಗೆ ಇದೆ ಎಂಬುದು ಇದರಿಂದ ತಿಳಿಯುತ್ತದೆ, ಅಷ್ಟೆ. ಆಫ್ರಿಕಾದ ದಕ್ಷಿಣಕ್ಕೆ ಜಿಂಬಾಬ್ವೆ ಎಂಬ ದೇಶವಿದೆ. ಅಲ್ಲಿನ ದೊಡ್ಡ ಜನಸಮುದಾಯ ಶೋನಾ. ಅವರ ದಿನನಿತ್ಯದ ಊಟದ ಹೆಸರು ಸಾಡ್ಜಾ. ಕುದಿಯುವ ನೀರಿಗೆ ಹಿಟ್ಟು ಹಾಕಿ, ಮುಗೋಟಿ ಎಂಬ ಮರದ ಕೋಲಿನಿಂದ ಗಂಟಾಗದಂತೆ ತೊಳಸಿ ಗಟ್ಟಿ ಮಾಡುತ್ತಾರೆ. ಕೈಯಲ್ಲಿ ಮುರಿದು, ಉಂಡೆ ಮಾಡಿ, ಸೊಪ್ಪಿನ ಪಲ್ಯಕ್ಕೋ ಮಾಂಸದ ಸಾರಿಗೋ ಅದ್ದಿ ತಿನ್ನುತ್ತಾರೆ. ಆ ಸೊಪ್ಪಿಗೆ ಎಷ್ಟೋ ಮನೆಗಳಲ್ಲಿ ಅರೆದ ಶೇಂಗಾ ಬೆರೆಸುತ್ತಾರೆ. ಊಟಕ್ಕೆ ಮೊದಲು ಚಿಕ್ಕವರು ದೊಡ್ಡವರ ಕೈಗೆ ನೀರು ಹಾಕುತ್ತಾರೆ. ಹಿರಿಯೂರಿನ ಅಜ್ಜಿಯೊಬ್ಬರನ್ನು ಆ ಅಡುಗೆಮನೆಗೆ ಕರೆದುಕೊಂಡು ಹೋದರೆ ಕೋಲು ಯಾವುದು, ಅದು ಏಕೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಇಂದು ಸಾಡ್ಜಾ ಹೆಚ್ಚಾಗಿ ಬಿಳಿ ಮೆಕ್ಕೆಜೋಳದ್ದು. ಹಿಂದೆ ಅದು ರಾಗಿ, ಸಜ್ಜೆ, ಜೋಳದ್ದಾಗಿತ್ತು. ಶೋನಾ ಭಾಷೆಯಲ್ಲಿ ರಾಗಿಗೆ ಜ್ವಿಯೊ ಎನ್ನುತ್ತಾರೆ. ಹಿರಿಯರ ಆತ್ಮಗಳನ್ನು ಕರೆಯುವ ಆಚರಣೆಗೆ ಬೇಕಾದ ಪಾನೀಯವನ್ನು ಇಂದಿಗೂ ಮೊಳಕೆ ಬರಿಸಿದ ರಾಗಿಯಿಂದ, ಸುಮಾರು ಒಂದು ವಾರ ಹುಳಿ ಬರಿಸಿ ಮಾಡುತ್ತಾರೆ. ದಿನದ ಊಟ ಬದಲಾದರೂ ಹಿರಿಯರಿಗೆ ಕೊಡುವಾಗ ಹಳೆಯ ಕಾಳೇ ಬೇಕು.

ಈ ನೆಂಟಸ್ತನಕ್ಕೆ ಹೊಸ ಕೊಂಡಿ ಹಾಕಿದವರು ಕರ್ನಾಟಕದವರೇ ಆದ ವಿಜ್ಞಾನಿ ಸಿ.ಎಚ್. ಲಕ್ಷ್ಮಣಯ್ಯ. ಮಂಡ್ಯದ ವಿ.ಸಿ. ಫಾರ್ಮ್‌ನಲ್ಲಿ ಅವರು ಭಾರತದ ರಾಗಿ ಮತ್ತು ಆಫ್ರಿಕಾದ ರಾಗಿಯನ್ನು ಕೂಡಿಸಿ ಹೆಚ್ಚು ಇಳುವರಿಯ ತಳಿಗಳನ್ನು ಬೆಳೆಸಿದರು. ಇಂಡಿಯಾ ಮತ್ತು ಆಫ್ರಿಕಾ ಸೇರಿ ‘ಇಂಡಾಫ್’ ಎಂಬ ಹೆಸರು ಬಂತು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ‘ಶುದ್ಧ ದೇಸಿ’ ಎಂದು ನಾವು ಹೆಮ್ಮೆಯಿಂದ ಉಂಡ ಎಷ್ಟೋ ಮುದ್ದೆಗಳಲ್ಲಿ ಆಫ್ರಿಕಾದ ರಾಗಿಯ ಪಾಲೂ ಇತ್ತು.

ಹೇಳಿಕೆ 2: ರಾಮನೇ ಹೆಸರಿಟ್ಟಿದ್ದರಿಂದ ಅದು ರಾಗಿ

ಇದು ಕಥೆ, ಬಹಳ ಒಳ್ಳೆಯ ಕಥೆ. ಕನಕದಾಸರ ‘ರಾಮಧಾನ್ಯಚರಿತ್ರೆ’ಯಲ್ಲಿ ಭತ್ತಕ್ಕೂ ರಾಗಿಗೂ ಯಾರು ಶ್ರೇಷ್ಠ ಎಂದು ಜಗಳ ಹುಟ್ಟುತ್ತದೆ. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಹೊರಗೆ ಬಂದಾಗ ಭತ್ತ ಸೊರಗಿರುತ್ತದೆ, ರಾಗಿ ಗಟ್ಟಿಯಾಗಿರುತ್ತದೆ. ಗೆದ್ದ ಧಾನ್ಯಕ್ಕೆ ರಾಘವನ ಹೆಸರು ಸಲ್ಲುತ್ತದೆ.

ಇದನ್ನು ಪದದ ಚರಿತ್ರೆ ಎಂದು ಹಂಚಿದರೆ ಕಾವ್ಯದ ಮುಖ್ಯ ಮಾತೇ ಕಳೆದುಹೋಗುತ್ತದೆ. ಭತ್ತ ಇಲ್ಲಿ ಉಳ್ಳವರ ಅನ್ನ, ರಾಗಿ ಇಲ್ಲದವರ ಹಿಟ್ಟು. ಊಟದ ಮೂಲಕ ಮನುಷ್ಯರನ್ನು ಮೇಲು ಕೀಳು ಎಂದು ಅಳೆಯುವುದನ್ನು ಕನಕದಾಸರು ಪ್ರಶ್ನಿಸಿದ್ದು. ಆ ಅಳತೆ ಇತ್ತೀಚಿನವರೆಗೂ ಇತ್ತು. ನೆಂಟರು ಬಂದರೆ ಮುದ್ದೆ ಬಡಿಸಲು ನಾಚಿ, ಸಾಲ ಮಾಡಿಯಾದರೂ ಅಕ್ಕಿ ತಂದ ಮನೆಗಳ ನೆನಪು ನಮ್ಮ ಹಿಂದಿನ ತಲೆಮಾರಿಗೆ ಇದೆ. ಇವತ್ತು ಅದೇ ರಾಗಿ, ನವಣೆ ಸಿರಿಧಾನ್ಯವಾಗಿ ನಗರದ ಅಂಗಡಿಯಲ್ಲಿ ಚೆಂದದ ಪೊಟ್ಟಣದಲ್ಲಿ ಕೂತಿವೆ.

ಹೇಳಿಕೆ 3: ಮುದ್ದೆ ತಿಂದರೆ ಶುಗರ್ ವಾಸಿ

ತಪ್ಪು ಮಾತ್ರವಲ್ಲ, ಅಪಾಯಕಾರಿ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಕಾರ್ಬೋಹೈಡ್ರೇಟ್, 11 ಗ್ರಾಂ ನಾರು ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಕಾರ್ಬೋಹೈಡ್ರೇಟ್ ಸುಮಾರು 78 ಗ್ರಾಂ, ನಾರು 3 ಗ್ರಾಂಗೂ ಕಡಿಮೆ. ಅಂದರೆ ರಾಗಿ ಅಕ್ಕಿಗಿಂತ ಮೇಲು, ನಿಜ. ಆದರೆ ಮೂರನೇ ಎರಡು ಭಾಗ ಪಿಷ್ಟವೇ ಇರುವ ಆಹಾರ ಸಕ್ಕರೆಯನ್ನು ‘ಮಾಯ’ ಮಾಡಲಾರದು. ಒಂದು ಮುದ್ದೆಗೆ 80 ಗ್ರಾಂ ಹಿಟ್ಟು ಎಂದಿಟ್ಟುಕೊಂಡರೆ, ಎರಡು ಮುದ್ದೆ ಉಂಡವರ ಹೊಟ್ಟೆಗೆ 100 ಗ್ರಾಂ ಮೀರಿ ಕಾರ್ಬೋಹೈಡ್ರೇಟ್ ಹೋಯಿತು.

ಇನ್ನೊಂದು ವಿಷಯ. ಕಾಳು ನುಣ್ಣಗಾದಷ್ಟೂ, ಹೆಚ್ಚು ಬೆಂದಷ್ಟೂ ಅದರ ಪಿಷ್ಟ ಬೇಗ ಕರಗಿ ರಕ್ತಕ್ಕೆ ಸೇರುತ್ತದೆ. ಇಕ್ರಿಸ್ಯಾಟ್ ನೇತೃತ್ವದಲ್ಲಿ 2021ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯೊಂದು, ಪಾಲಿಶ್ ಅಕ್ಕಿ ಮತ್ತು ಮೈದಾದ ಬದಲು ಸಿರಿಧಾನ್ಯ ಬಳಸಿದರೆ ರಕ್ತದ ಸಕ್ಕರೆ ಸ್ವಲ್ಪ ಹತೋಟಿಗೆ ಬರುತ್ತದೆ ಎಂದು ಹೇಳಿದೆ. ‘ಬದಲು’ ಎಂಬ ಪದವನ್ನು ಗಮನಿಸಿ. ಅನ್ನದ ಜೊತೆಗೆ ಮುದ್ದೆಯಲ್ಲ, ಅನ್ನದ ಬದಲು ಮುದ್ದೆ. ಮಾತ್ರೆಯ ಬದಲು ಮುದ್ದೆ ಅಂತೂ ಅಲ್ಲವೇ ಅಲ್ಲ.

ಸಿರಿಧಾನ್ಯಗಳಿಂದ ಕ್ಯಾನ್ಸರ್, ಥೈರಾಯ್ಡ್, ಕಿಡ್ನಿ ಕಾಯಿಲೆ ವಾಸಿಯಾಗುತ್ತದೆ ಎಂಬ ಪಟ್ಟಿಗಳೂ ಓಡಾಡುತ್ತಿವೆ. ಇವಕ್ಕೆ ವೈದ್ಯಕೀಯ ಆಧಾರವಿಲ್ಲ.

ಹೇಳಿಕೆ 4: ಮುದ್ದೆ ಇದ್ದರೆ ಹಾಲು ಬೇಡ

ಅರ್ಧ ನಿಜ. ಕ್ಯಾಲ್ಸಿಯಂನಲ್ಲಿ ರಾಗಿಯನ್ನು ಮೀರಿಸುವ ಏಕದಳ ಧಾನ್ಯ ಇಲ್ಲ: 100 ಗ್ರಾಂಗೆ ಸುಮಾರು 364 ಮಿಲಿಗ್ರಾಂ. ಅಕ್ಕಿಯಲ್ಲಿ 10ಕ್ಕೂ ಕಡಿಮೆ. ಹಾಲಿನಲ್ಲಿ 120ರ ಆಸುಪಾಸು. ‘ಮೂರು ಪಟ್ಟು’ ಎಂಬ ಲೆಕ್ಕ ಬಂದದ್ದು ಇಲ್ಲಿಂದ.

ಆದರೆ ಒಣ ಹಿಟ್ಟನ್ನೂ ನೀರಿನಂಥ ಹಾಲನ್ನೂ ತೂಕಕ್ಕೆ ತೂಕ ಹೋಲಿಸುವುದು ಸರಿಯಲ್ಲ. 80 ಗ್ರಾಂ ಹಿಟ್ಟಿನ ಮುದ್ದೆಯಲ್ಲಿ ಸುಮಾರು 290 ಮಿಲಿಗ್ರಾಂ, ಒಂದು ಲೋಟ ಹಾಲಿನಲ್ಲಿ ಸುಮಾರು 240 ಮಿಲಿಗ್ರಾಂ ಎಂಬುದು ಸರಿಯಾದ ಹೋಲಿಕೆ. ಅದರಲ್ಲೂ ರಾಗಿಯ ಫೈಟೇಟ್ ಮತ್ತು ಆಕ್ಸಲೇಟ್‌ಗಳು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತವೆ, ಎಲ್ಲವೂ ದೇಹಕ್ಕೆ ಸಿಗುವುದಿಲ್ಲ. ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕು. ಮುದ್ದೆಯ ಜೊತೆ ಮಜ್ಜಿಗೆಯೂ ಇರಲಿ.

ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸಿದರೆ ಫೈಟೇಟ್ ಕಡಿಮೆಯಾಗುತ್ತದೆ. ಕೂಸಿಗೆ ರಾಗಿ ಸರಿ ಮಾಡುವ ಅಜ್ಜಿಯರು ಈ ಹೆಸರು ಕೇಳದೆಯೇ ಆ ಕೆಲಸ ಮಾಡುತ್ತಿದ್ದರು. ರಾತ್ರಿಯಿಡೀ ಹುಳಿ ಬರಿಸಿದ ಅಂಬಲಿಗೂ ಇದೇ ಗುಣವಿದೆ.

ಹೇಳಿಕೆ 5: ಮುದ್ದೆಯನ್ನು ಅಗಿಯದೆ ನುಂಗಿದರೇ ಆರೋಗ್ಯ

ನುಂಗುವುದರಿಂದ ಹೆಚ್ಚಿನ ಲಾಭವೂ ಇಲ್ಲ, ಆರೋಗ್ಯವಂತರಿಗೆ ನಷ್ಟವೂ ಇಲ್ಲ. ಪಿಷ್ಟ ಕರಗುವ ಕೆಲಸ ಬಾಯಲ್ಲಿ ಶುರುವಾದರೂ ಬಹುಪಾಲು ನಡೆಯುವುದು ಸಣ್ಣ ಕರುಳಿನಲ್ಲಿ. ಮುದ್ದೆಯನ್ನು ನುಂಗುವುದು ಅದು ಹಲ್ಲಿಗೆ ಅಂಟುತ್ತದೆ ಎಂಬ ಸರಳ ಕಾರಣಕ್ಕೆ. ಸಾರಿನಲ್ಲಿ ಹೊರಳಿಸುವುದು ಗಂಟಲಲ್ಲಿ ಜಾರಲಿ ಎಂದು. ಪುಟ್ಟ ಮಕ್ಕಳಿಗೆ ಮತ್ತು ನುಂಗಲು ಕಷ್ಟಪಡುವ ವಯಸ್ಸಾದವರಿಗೆ ಮಾತ್ರ ಸಣ್ಣ ತುತ್ತು ಮಾಡಿ, ಮೆತ್ತಗೆ ಕಲಸಿ ಕೊಡಿ. ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯ ಅವರಿಗಿದೆ.

ಹೇಳಿಕೆ 6: ರಾಗಿ ಐವತ್ತು ವರ್ಷ ಇಟ್ಟರೂ ಕೆಡದು

ಕಾಳು ಬಹಳ ವರ್ಷ ಬಾಳುತ್ತದೆ, ಹಿಟ್ಟಲ್ಲ. ರಾಗಿ ಕಾಳು ತೀರಾ ಚಿಕ್ಕದು, ಒಣಗಿದ್ದರೆ ಹುಳ ಸುಲಭವಾಗಿ ಹತ್ತುವುದಿಲ್ಲ. ಅದಕ್ಕೇ ಈ ಸೀಮೆಯಲ್ಲಿ ನೆಲದೊಳಗೆ ಹಗೇವು ತೋಡಿ ರಾಗಿ ತುಂಬಿ ಬಾಯಿ ಮುಚ್ಚುತ್ತಿದ್ದರು. ಬರ ಬಂದರೆ ತೆಗೆಯಲಿ ಎಂದು. 1876ರಿಂದ 78ರವರೆಗಿನ ಧಾತು–ಈಶ್ವರ ಬರದ ಮುಂಚೆ ಮತ್ತು ನಂತರದ ಜನಗಣತಿ ನೋಡಿದರೆ ಆ ಹೆದರಿಕೆ ಎಷ್ಟು ನಿಜ ಎಂದು ಗೊತ್ತಾಗುತ್ತದೆ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ ಸುಮಾರು 50 ಲಕ್ಷ ಇದ್ದದ್ದು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಊರಿನ ಹಿರಿಯರು ತಟ್ಟೆಯಲ್ಲಿ ಅಗುಳು ಬಿಟ್ಟರೆ ಬೈಯುವುದು ಸುಮ್ಮನೆ ಅಲ್ಲ.

ಒಂದು ಎಚ್ಚರಿಕೆ: ಹಳೆಯ ಹಗೇವನ್ನು ತೆರೆದ ಕೂಡಲೇ ಯಾರೂ ಇಳಿಯಬಾರದು. ಒಳಗೆ ಆಮ್ಲಜನಕ ಇರುವುದಿಲ್ಲ, ಪ್ರಾಣ ಹೋಗುತ್ತದೆ. ಬೀಸಿದ ಹಿಟ್ಟನ್ನು ಒಂದು ತಿಂಗಳಿಗೆ ಬೇಕಾದಷ್ಟೇ ಮಾಡಿಸಿಕೊಳ್ಳಿ. ಅದರಲ್ಲಿನ ಎಣ್ಣೆಯಂಶ ಹಳಸಿ ಕಮಟು ವಾಸನೆ ಬರುತ್ತದೆ.

ಹೇಳಿಕೆ 7: ಸಿರಿಧಾನ್ಯ ಎಷ್ಟು ತಿಂದರೂ ತೊಂದರೆ ಇಲ್ಲ

ಯಾವ ಆಹಾರಕ್ಕೂ ಈ ಮಾತು ಹೊಂದುವುದಿಲ್ಲ. ಮಳೆಗೆ ನೆನೆದು ಬೂಷ್ಟು ಹಿಡಿದ ಹಾರಕದಲ್ಲಿ ವಿಷ ಸೇರಿಕೊಳ್ಳಬಹುದು. 2024ರ ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಬಾಂಧವಗಢದಲ್ಲಿ 10 ಆನೆಗಳು ಸತ್ತಾಗ, ಹಾರಕದ ಬೆಳೆಗೆ ತಗುಲಿದ ಶಿಲೀಂಧ್ರದ ವಿಷವನ್ನು ಪ್ರಯೋಗಾಲಯಗಳು ಪತ್ತೆ ಮಾಡಿದವು. ಚೆನ್ನಾಗಿ ಒಣಗಿದ, ಶುಚಿಯಾದ ಹಾರಕಕ್ಕೆ ಹೆದರಬೇಕಾಗಿಲ್ಲ. ಬಣ್ಣಗೆಟ್ಟದ್ದನ್ನು ಮುಟ್ಟಬೇಡಿ. ಇನ್ನು ಸಜ್ಜೆಯನ್ನೇ ಮೂರು ಹೊತ್ತೂ ತಿಂದು, ಅಯೋಡಿನ್ ಉಪ್ಪೂ ಇಲ್ಲದಿದ್ದರೆ ಗಳಗಂಡಕ್ಕೆ ದಾರಿಯಾಗಬಹುದು ಎಂಬುದು ಸುಡಾನಿನ ಅಧ್ಯಯನಗಳಿಂದ ಗೊತ್ತಾಗಿದೆ. ಕಾಳುಗಳನ್ನು ಬದಲಿಸುತ್ತಾ ತಿನ್ನುವುದೇ ಜಾಣತನ.

ಅಂಗಡಿಯ ಸಾವಕ್ಕಿ, ನವಣಕ್ಕಿ ತೀರಾ ಬೆಳ್ಳಗೆ ಹೊಳೆಯುತ್ತಿದ್ದರೆ ಅದು ಪಾಲಿಶ್ ಆಗಿದೆ, ನಾರು ಹೋಗಿದೆ ಎಂದು ತಿಳಿಯಿರಿ.

ಹಾಗಾದರೆ ಈ ಊಟದ ನಿಜವಾದ ಬಲ ಯಾವುದು?

ಈಗ ಅಕ್ಕಡಿ ಸಾಲನ್ನು ನೆನಪಿಸಿಕೊಳ್ಳಿ. ರಾಗಿಯಲ್ಲಿ ಪ್ರೋಟೀನ್ ಸುಮಾರು ಶೇ 7 ಮಾತ್ರ, ಅದರಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಅವರೆ, ತೊಗರಿ, ಹುರುಳಿಯಲ್ಲಿ ಪ್ರೋಟೀನ್ ಶೇ 20ಕ್ಕೂ ಹೆಚ್ಚು, ಲೈಸಿನ್ ಕೂಡ ಚೆನ್ನಾಗಿದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಸೊಪ್ಪಿನಿಂದ ಫೋಲೇಟ್, ಎ ಅನ್ನಾಂಗದ ಮೂಲ. ಹಸಿಮೆಣಸಿನಕಾಯಿ, ನಿಂಬೆಹಣ್ಣಿನ ಸಿ ಅನ್ನಾಂಗ ಕಾಳು ಸೊಪ್ಪಿನ ಕಬ್ಬಿಣವನ್ನು ದೇಹಕ್ಕೆ ಹಿಡಿಸುತ್ತದೆ. ಶೇಂಗಾ ಚಟ್ನಿಯಿಂದ ಎಣ್ಣೆಯಂಶ. ಮಜ್ಜಿಗೆಯಿಂದ ಕ್ಯಾಲ್ಸಿಯಂ, ಬಿ12.

ಫಾರ್ವರ್ಡ್ ಈ ತಟ್ಟೆಯಿಂದ ರಾಗಿಯೊಂದನ್ನೇ ಎತ್ತಿ ಅದಕ್ಕೆ ಕಿರೀಟ ಇಡುತ್ತದೆ. ಪಕ್ಕದ ಸಾರು ತೆಳ್ಳಗಾಗಿ, ಸೊಪ್ಪು ಮಾಯವಾಗಿ, ಮುದ್ದೆ ಮಾತ್ರ ದೊಡ್ಡದಾದರೆ ಅದು ಹಿರಿಯರ ಊಟವಲ್ಲ. ಬರಗಾಲದ ಊಟ.

ತಟ್ಟೆಯ ಅರ್ಥ: ಎಡೆ, ಚರಗ, ಒನಕೆ

ಇಲ್ಲಿ ಊಟ ಹೊಟ್ಟೆಗೆ ಮಾತ್ರ ಅಲ್ಲ. ಮಹಾಲಯ ಅಮಾವಾಸ್ಯೆಯ ಸುಮಾರಿಗೆ ಹಿರಿಯರ ಹಬ್ಬ ಮಾಡಿ, ತೀರಿಹೋದವರಿಗೆ ಇಷ್ಟವಾದ ಅಡುಗೆಯನ್ನು ಎಡೆ ಇಡುತ್ತಾರೆ. ಎಡೆ ಇಟ್ಟ ಮೇಲೆ ಕೆಲಹೊತ್ತು ಬಾಗಿಲು ಮುಂದೆ ಮಾಡಿ ಹೊರಗೆ ಕೂರುವ ಮನೆಗಳಿವೆ, ಹಿರಿಯರು ಬಂದು ಉಣ್ಣಲಿ ಎಂದು. ಶೋನಾ ಜನ ಹಿರಿಯರಿಗೆ ರಾಗಿಯ ಪಾನೀಯ ಎರೆಯುವುದನ್ನು ಕೇಳಿ ‘ಮೂಢನಂಬಿಕೆ’ ಎನ್ನುವ ಮುಂಚೆ ನಮ್ಮ ಎಡೆಯನ್ನು ನೆನೆಯಬೇಕು. ಎರಡೂ ಕಡೆ ಮಾತು ಒಂದೇ: ನೀವು ಬಿತ್ತಿದ್ದನ್ನು ನಾವು ಉಣ್ಣುತ್ತಿದ್ದೇವೆ, ಮರೆತಿಲ್ಲ.

ಸೀಗಿ ಹುಣ್ಣಿಮೆಗೆ ಹೊಲದಲ್ಲಿ ಪೂಜೆ ಮಾಡಿ ಚರಗ ಚೆಲ್ಲುತ್ತಾರೆ. ಬೆಳೆ ತುಂಬಿದ ಭೂಮಿ ಬಸುರಿ, ಅವಳ ಬಯಕೆ ತೀರಿಸಬೇಕು ಎಂಬ ಭಾವ. ಮುಯ್ಯಾಳಾಗಿ ಬಂದವರಿಗೆ ಹೊಟ್ಟೆ ತುಂಬ ಬಡಿಸುವುದು, ಜಾತ್ರೆಯ ಮಾರನೆಯ ದಿನದ ಸಾಮೂಹಿಕ ಊಟ, ಮಠಗಳ ದಾಸೋಹ, ಇವೆಲ್ಲ ಸಂಬಂಧ ಕಟ್ಟುವ ಬಗೆಗಳು. ಅದೇ ಊಟ ಜಾತಿಯ ಹೆಸರಲ್ಲಿ ಪಂಕ್ತಿ ಬೇರೆ ಮಾಡಿ ಮನುಷ್ಯರನ್ನು ದೂರವೂ ಇಟ್ಟಿದೆ. ಆ ಭಾಗವನ್ನು ಬಿಟ್ಟು ಸಂಸ್ಕೃತಿಯ ಬಗ್ಗೆ ಹೆಮ್ಮೆ ಪಡುವುದು ಪೂರ್ತಿ ಪ್ರಾಮಾಣಿಕವಲ್ಲ.

ದುರ್ಗದ ಕೋಟೆಯ ಅತ್ಯಂತ ಪ್ರಸಿದ್ಧ ಕಥೆಯಲ್ಲೂ ಊಟವಿದೆ. ಹೈದರಾಲಿಯ ಮುತ್ತಿಗೆಯ ಕಾಲ. ಕೋಟೆ ಅವನ ಕೈಸೇರಿದ್ದು 1779ರಲ್ಲಿ. ಅದಕ್ಕೂ ಮುಂಚಿನ ಒಂದು ದಾಳಿಯಲ್ಲಿ, ಜನ ಹೇಳುವಂತೆ, ಕಾವಲುಗಾರ ಮನೆಗೆ ಬಂದು ಉಣ್ಣುತ್ತಿದ್ದ. ನೀರು ತರಲು ಹೋದ ಹೆಂಡತಿ ಓಬವ್ವ ಕಿಂಡಿಯಲ್ಲಿ ನುಸುಳುತ್ತಿದ್ದ ಸೈನಿಕರನ್ನು ಕಂಡಳು. ಉಣ್ಣುವವನನ್ನು ಎಬ್ಬಿಸಬಾರದು ಎಂದು ತಾನೇ ಒನಕೆ ಹಿಡಿದು ನಿಂತಳು. 1972ರ ‘ನಾಗರಹಾವು’ ಚಿತ್ರದಿಂದ ಈ ಕಥೆ ನಾಡಿನ ಮನೆಮನೆಗೂ ಹೋಯಿತು.

ಅವಳ ಕೈಗೆ ಸಿಕ್ಕಿದ್ದು ಕತ್ತಿಯಲ್ಲ, ಒನಕೆ. ಸಾವೆ, ನವಣೆಯ ಸಿಪ್ಪೆ ಗಟ್ಟಿ. ಅದನ್ನು ಕುಟ್ಟಿ ಅಕ್ಕಿ ಮಾಡಲು ದಿನವೂ ಗಂಟೆಗಟ್ಟಲೆ ಒನಕೆ ಎತ್ತಿಳಿಸಬೇಕಿತ್ತು. ಆ ತೋಳಿಗೆ ಬಲ ಬಂದದ್ದು ಅಡುಗೆಮನೆಯ ದುಡಿಮೆಯಿಂದ. ಸಾವಕ್ಕಿ ಅನ್ನ ಮನೆಗಳಿಂದ ಮರೆಯಾಗಲು ಮುಖ್ಯ ಕಾರಣಗಳಲ್ಲಿ ಈ ದುಡಿಮೆಯೂ ಒಂದು. ಮಿಲ್ಲಿನ ಅಕ್ಕಿ ಬಂದಾಗ ಹೆಂಗಸರು ಒನಕೆ ಕೆಳಗಿಟ್ಟದ್ದು ಸಂಸ್ಕೃತಿ ಮರೆತು ಅಲ್ಲ, ಬೆನ್ನು ನೋವಿಗೆ.

ಕೊನೆಗೆ ಉಣ್ಣುವವರು ಯಾರು?

ಫಾರ್ವರ್ಡ್‌ಗಳು ಎಂದೂ ಕೇಳದ ಪ್ರಶ್ನೆ ಇದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ (2019–21) ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಇದೆ. ರಾಗಿ ಉಣ್ಣುವ ನಾಡಿನಲ್ಲೇ.

ಕಾರಣಗಳು ಹಲವು. ಅವುಗಳಲ್ಲಿ ಒಂದು ನಮ್ಮ ಕಣ್ಣೆದುರೇ ಇದೆ. ಗಂಡಸರು ಉಂಡು, ಮಕ್ಕಳು ಉಂಡು, ಅತ್ತೆ ಮಾವ ಉಂಡ ಮೇಲೆ ಸೊಸೆ ಕೂತಾಗ ಪಾತ್ರೆಯ ತಳದಲ್ಲಿ ಮುದ್ದೆ ಉಳಿದಿರುತ್ತದೆ, ಸಾರಿನ ತಿಳಿ ಇರುತ್ತದೆ. ಕಾಳು, ಸೊಪ್ಪು ಮೊದಲ ಪಂಕ್ತಿಗೇ ಮುಗಿದಿರುತ್ತದೆ. ಊಟವಾದ ಕೂಡಲೇ ಕುಡಿಯುವ ಟೀ ಉಳಿದ ಕಬ್ಬಿಣಕ್ಕೂ ಅಡ್ಡಿ ಮಾಡುತ್ತದೆ. ಉಣ್ಣುವವನನ್ನು ಎಬ್ಬಿಸದ ಓಬವ್ವನ ಕಥೆಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಅವಳು ಆ ದಿನ ಉಂಡಿದ್ದಳೇ ಎಂದು ಯಾರೂ ಕೇಳಿಲ್ಲ.

ಮನೆಯಲ್ಲಿ ಏನು ಮಾಡಬಹುದು?

• ಒಂದು ಮುದ್ದೆಗೆ ಒಂದು ದೊಡ್ಡ ಸೌಟು ಗಟ್ಟಿ ಕಾಳು, ಇನ್ನೊಂದು ಸೌಟು ಸೊಪ್ಪು. ಮುದ್ದೆ ಚಿಕ್ಕದಾಗಲಿ, ಸಾರು ಗಟ್ಟಿಯಾಗಲಿ.
• ಸಕ್ಕರೆ ಕಾಯಿಲೆ ಇದ್ದವರು ಮುದ್ದೆಯ ಗಾತ್ರವನ್ನು ನಿಮ್ಮ ವೈದ್ಯರ ಜೊತೆ ಮಾತಾಡಿ ನಿಗದಿ ಮಾಡಿಕೊಳ್ಳಿ. ಮಾತ್ರೆಯನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಬೇಡಿ.
• ವಾರದಲ್ಲಿ ಎರಡು ಮೂರು ದಿನ ಅಕ್ಕಿಯ ಬದಲು ಸಾವಕ್ಕಿ, ನವಣಕ್ಕಿ, ಕೊರಲೆ ಅಕ್ಕಿ ಬಳಸಿ.
• ಟೀ ಕಾಫಿ ಊಟದಿಂದ ಒಂದು ಗಂಟೆ ದೂರ ಇರಲಿ.
• ಮನೆಮಂದಿ ಒಟ್ಟಿಗೆ ಕೂತು ಉಣ್ಣಿ. ಸಾಧ್ಯವಾಗದಿದ್ದರೆ ಕೊನೆಗೆ ಉಣ್ಣುವವರ ಪಾಲಿನ ಕಾಳು, ಸೊಪ್ಪನ್ನು ಮೊದಲೇ ಎತ್ತಿಡಿ.

ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷ ಎಂದು ಆಚರಿಸಿತು. ಅದಕ್ಕೂ ಮುಂಚೆಯೇ ಕರ್ನಾಟಕ ಸರ್ಕಾರ ರೈತಸಿರಿ ಯೋಜನೆಯಲ್ಲಿ ಸಿರಿಧಾನ್ಯ ಬೆಳೆಗಾರರಿಗೆ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ಘೋಷಿಸಿತ್ತು. ಇವೆಲ್ಲ ಒಳ್ಳೆಯದೇ. ಆದರೆ ಸುಳ್ಳು ಹೊಗಳಿಕೆ ಒಂದು ದಿನ ಬಯಲಾದಾಗ ಜನ ಸಂದೇಶವನ್ನು ಮಾತ್ರವಲ್ಲ, ಧಾನ್ಯವನ್ನೂ ಅನುಮಾನಿಸುತ್ತಾರೆ. ರಾಗಿಗೆ ಸುಳ್ಳಿನ ಆಸರೆ ಬೇಕಾಗಿಲ್ಲ.

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆ ನಮ್ಮಲ್ಲಿದೆ. ಗಾದೆ ಹೇಳುವುದು ಊಟ ‘ಬಲ್ಲವನಿಗೆ’ ಎಂದು, ಊಟ ಫಾರ್ವರ್ಡ್ ಮಾಡಿದವನಿಗೆ ಎಂದಲ್ಲ. ಮುಂದಿನ ಸಲ ಇಂಥ ಸಂದೇಶ ಬಂದರೆ ಹತ್ತು ಜನಕ್ಕೆ ಕಳಿಸುವ ಮುಂಚೆ ಮನೆಯ ಅಜ್ಜಿಯ ಹತ್ತಿರ ಎರಡು ಮಾತು ಕೇಳಿ: ಸಾರಿಗೆ ಯಾವ ಯಾವ ಸೊಪ್ಪು ಹಾಕ್ತಿದ್ದೆ? ಇವತ್ತಿನ ಮಾತ್ರೆ ತಗೊಂಡ್ಯಾ?